ಎದೆಗೂಡಿನ ಸರ್ವೆ ನಂಬರುಗಳು

ಭದ್ರಾವತಿಯ ನಮ್ಮ ಚಿಕ್ಕಪ್ಪ ಸ್ಕ್ಯಾನ್ ರಿಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಮೂರು ಪುಟದ ಇಂಗ್ಲಿಷಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದೇ ಪದ.

"ಏನೋ ಇದು, ಸ್ಟೇಷನ್ ಏಳು ಅಂತ ಬರ್ದಿದಾರೆ? ಇಲ್ನೋಡು, ಸ್ಟೇಷನ್ ನಾಲ್ಕು ಆರ್, ಹನ್ನೊಂದು ಆರ್. ನನ್ನ ಎದೆ ಒಳಗೇನು ರೈಲು ಓಡಾಡ್ತದಾ?"

"ಗಂಟುಗಳ ನಂಬರ್ ಅದು ಚಿಕ್ಕಪ್ಪ. ಶ್ವಾಸಕೋಶದ ಸುತ್ತ ಸಣ್ಣಸಣ್ಣ ಗಂಟು ಇರ್ತವಂತೆ. ಒಂದೊಂದು ಗುಂಪಿಗೆ ಒಂದೊಂದು ನಂಬರ್."

"ಹಂಗಾದ್ರೆ ಸರ್ವೆ ನಂಬರ್ ಅನ್ನು. ಸರ್ವೆ ಮಾಡಿದ್ದು ಯಾರು?"

ನಲವತ್ತು ವರ್ಷ ಬೀಡಿ ಸೇದಿ, ಬಲ ಶ್ವಾಸಕೋಶದ ಕೆಳಭಾಗದಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ ಇಟ್ಟುಕೊಂಡವರು ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ. ಆದರೆ ಚಿಕ್ಕಪ್ಪ ಸರ್ವೇಯರ್ ಆಗಿದ್ದವರು. ತಾಲ್ಲೂಕಿನ ಗದ್ದೆ ಬದುಗಳ ಮೇಲೆ ಸರಪಳಿ ಎಳೆಸಿ, ಬಾಂದುಕಲ್ಲು ಹುಡುಕಿಸಿ, ಟಿಪ್ಪಣಿ ಬರೆದೇ ನಿವೃತ್ತರಾದವರು. ನಂಬರ್ ಕಂಡರೆ ಅದಕ್ಕೊಂದು ನಕಾಶೆ ಇರಲೇಬೇಕು, ನಕಾಶೆ ಇದ್ದರೆ ಅದನ್ನು ಅಳೆದವನೊಬ್ಬ ಇರಲೇಬೇಕು ಎಂಬುದು ಅವರ ಲೆಕ್ಕ. ಶಿವಮೊಗ್ಗಕ್ಕೆ ಬಸ್ಸು ಹತ್ತಿದಾಗ ಆ ಪ್ರಶ್ನೆಯೂ ನನ್ನ ಜೊತೆ ಹತ್ತಿತು.

ಗಂಟು ಅಂದೆ. ಪಠ್ಯಪುಸ್ತಕದ ಮಾತು ದುಗ್ಧಗ್ರಂಥಿ. ದುಗ್ಧ ಅಂದರೆ ಹಾಲು. ಶಾಲೆಯಲ್ಲಿ ಈ ಪದ ಉರು ಹೊಡೆಯುವಾಗ ಹಾಲಿಗೂ ಇದಕ್ಕೂ ಏನು ಸಂಬಂಧ ಎಂದು ನಾವು ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಸಂಬಂಧ ಒಂದು ನಾಯಿಯದು. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ, ಆಗಷ್ಟೇ ಹೊಟ್ಟೆ ತುಂಬ ತಿಂದಿದ್ದ ನಾಯಿಯೊಂದನ್ನು ಕೊಯ್ದು ನೋಡುತ್ತಿದ್ದಾಗ ಕರುಳಿನ ಪೊರೆಯ ತುಂಬ ಬಿಳಿಯ ಎಳೆಗಳು ಕಂಡವು. ನರಗಳಿರಬೇಕು ಎಂದುಕೊಂಡು ಒಂದಕ್ಕೆ ಮೊನೆ ತಾಗಿಸಿದರೆ ಹಾಲಿನಂಥ ರಸ ಉಕ್ಕಿತು. ಊಟದ ಕೊಬ್ಬನ್ನು ಹೊತ್ತೊಯ್ಯುವ ನಾಳಗಳವು. ಮೂವತ್ತು ವರ್ಷ ಕಳೆದ ಮೇಲೆ ಸ್ವೀಡನ್ನಿನ ಓಲೋಫ್ ರುಡ್‌ಬೆಕ್, ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್ ಇಬ್ಬರೂ ಇಂಥ ನಾಳಗಳು ಮೈಯ ಬೇರೆ ಕಡೆಗಳಲ್ಲೂ ಇವೆ, ಅಲ್ಲಿ ಹರಿಯುವುದು ತಿಳಿನೀರಿನಂಥ ರಸ ಎಂದು ತೋರಿಸಿದರು. ಲ್ಯಾಟಿನ್ನಿನಲ್ಲಿ ನೀರಿನ ಹೆಸರು ನಿಂತಿತು. ಕನ್ನಡದ ಪದದಲ್ಲಿ ಮಾತ್ರ ಆ ನಾಯಿಯ ಹಾಲು ಇನ್ನೂ ಉಳಿದಿದೆ.

ಈ ನಾಳಗಳ ದಾರಿಯಲ್ಲಿ ಅಲ್ಲಲ್ಲಿ ಕೂತ ಸೋಸುಬಟ್ಟೆಗಳೇ ಗ್ರಂಥಿಗಳು. ಅಂಗಾಲಿಗೆ ಮುಳ್ಳು ಹೊಕ್ಕು ಕೀವಾದರೆ ತೊಡೆಸಂದಿನಲ್ಲಿ ಗಂಟು ಏಳುವುದು ಇದರಿಂದಲೇ. ಶ್ವಾಸಕೋಶದ ಸುತ್ತಲಿನ ಗ್ರಂಥಿಗಳಂತೂ ದೊಡ್ಡವರಲ್ಲಿ ಕಪ್ಪಗಿರುತ್ತವೆ. ಬದುಕಿಡೀ ಉಸಿರಾಡಿದ ಹೊಗೆಯ ಮಸಿ ಅಲ್ಲಿ ಬಂದು ಕೂತಿರುತ್ತದೆ. ಬೀಡಿಯದಾದರೂ ಸರಿ, ಸೌದೆ ಒಲೆಯದಾದರೂ ಸರಿ. ಮಲೆನಾಡಿನ ಅಡುಗೆಮನೆಯ ಅಟ್ಟದ ತೊಲೆ ಯಾಕೆ ಕಪ್ಪೋ, ಅದೇ ಮನೆಯಲ್ಲಿ ಒಲೆ ಊದಿದ ಅಜ್ಜಿಯ ಎದೆಯ ಗ್ರಂಥಿಯೂ ಅದಕ್ಕೇ ಕಪ್ಪು. ಮಸಿ ಬರುವ ದಾರಿಯಲ್ಲೇ ಕ್ಯಾನ್ಸರಿನ ಕಣವೂ ಬರುತ್ತದೆ.

ಆದರೆ ಇಪ್ಪತ್ತನೇ ಶತಮಾನ ಹುಟ್ಟುವಾಗ ಶ್ವಾಸಕೋಶದ ಕ್ಯಾನ್ಸರ್ ಯಾರ ತಲೆನೋವೂ ಆಗಿರಲಿಲ್ಲ. 1912ರಲ್ಲಿ ನ್ಯೂಯಾರ್ಕಿನ ಐಸಾಕ್ ಆಡ್ಲರ್ ಅದುವರೆಗಿನ ವೈದ್ಯಸಾಹಿತ್ಯವನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು 374 ಪ್ರಕರಣ. ಇಷ್ಟು ಅಪರೂಪದ ರೋಗಕ್ಕೊಂದು ಪುಸ್ತಕ ಬೇಕೇ ಎಂಬ ಸಂಕೋಚ ಅವರಿಗೇ ಇತ್ತು. ಆಮೇಲೆ ಬಂತು ಸಿಗರೇಟು. 1933ರ ಏಪ್ರಿಲ್ 5ರಂದು ಅಮೆರಿಕದ ಸೇಂಟ್ ಲೂಯಿಯಲ್ಲಿ ಎವರ್ಟ್ಸ್ ಗ್ರಹಾಂ ಒಬ್ಬ ಕ್ಯಾನ್ಸರ್ ರೋಗಿಯ ಇಡೀ ಎಡ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದರು. ರೋಗಿಯೂ ವೈದ್ಯರೇ, ಪಿಟ್ಸ್‌ಬರ್ಗಿನ ಹೆರಿಗೆ ತಜ್ಞ ಜೇಮ್ಸ್ ಗಿಲ್ಮೋರ್. ಎದೆ ತೆರೆಯುವಾಗ ಗ್ರಹಾಂ ಅಂದುಕೊಂಡಿದ್ದು ಒಂದು ಹಾಲೆಯನ್ನು ಮಾತ್ರ ತೆಗೆಯುವುದು. ಒಳಗೆ ನೋಡಿದ ಮೇಲೆ ಅದರಿಂದ ಆಗದು ಎಂದಾಯಿತು. ಗಿಲ್ಮೋರ್ ಅದಾದ ಮೇಲೆ ಮೂವತ್ತು ವರ್ಷ ಬದುಕಿದರು. ಬಹುಕಾಲ ಸಿಗರೇಟು ಸೇದಿದ್ದ, ಆಮೇಲೆ ಸಿಗರೇಟಿಗೂ ಈ ಕ್ಯಾನ್ಸರಿಗೂ ನಂಟಿದೆ ಎಂದು ತೋರಿಸಿದವರಲ್ಲಿ ತಾವೇ ಒಬ್ಬರಾದ ಗ್ರಹಾಂ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಈ ಸಂಗತಿ ಹೇಳಿದಾಗ ಚಿಕ್ಕಪ್ಪ ಏನೂ ಮಾತಾಡಲಿಲ್ಲ, ಜೇಬು ಮುಟ್ಟಿ ನೋಡಿಕೊಂಡರು.

ಗಿಲ್ಮೋರ್ ಉಳಿದರು ಅಂತ ಎಲ್ಲರೂ ಉಳಿಯಲಿಲ್ಲ. ಮುಂದಿನ ಇಪ್ಪತ್ತೈದು ವರ್ಷ ಶಸ್ತ್ರವೈದ್ಯರಿಗೆ ಎದುರಾದ ಸಂಕಟ ಒಂದೇ ಬಗೆಯದು. ಎದೆ ಕೊಯ್ದು ಪಕ್ಕೆಲುಬು ಅಗಲಿಸಿ ನೋಡಿದರೆ ರೋಗ ಶ್ವಾಸಕೋಶ ದಾಟಿ, ಎರಡು ಶ್ವಾಸಕೋಶಗಳ ನಡುವಿನ ಜಾಗದ, ಅಂದರೆ ನಡುಜಾಗದ ಗ್ರಂಥಿಗಳಿಗೆ ಹೋಗಿ ಕೂತಿರುತ್ತಿತ್ತು. ಮಾಡುವುದಕ್ಕೇನೂ ಇಲ್ಲ, ಮತ್ತೆ ಹೊಲಿದು ಮುಚ್ಚುವುದು. ರೋಗಿಗೆ ಸಿಕ್ಕಿದ್ದು ನೋವು ಮಾತ್ರ. ಎದೆ ತೆರೆಯುವ ಮೊದಲೇ ಆ ನಡುಜಾಗವನ್ನು ಇಣುಕಿ ನೋಡಲು ಬಂದರೆ?

ಇಣುಕಿದವರು ಎದೆಯ ಶಸ್ತ್ರವೈದ್ಯರಲ್ಲ, ಸ್ಟಾಕ್‌ಹೋಮಿನ ಕಿವಿ-ಮೂಗು-ಗಂಟಲಿನ ವೈದ್ಯ ಎರಿಕ್ ಕಾರ್ಲೆನ್ಸ್. 1959ರಲ್ಲಿ ಅವರು ಬರೆದ ವಿಧಾನ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಕತ್ತಿನ ಬುಡದಲ್ಲಿ, ಎದೆಮೂಳೆಯ ಮೇಲಂಚಿನ ಕುಳಿಯಲ್ಲಿ ಒಂದು ಚಿಕ್ಕ ಗಾಯ. ಅಲ್ಲಿಂದ ತೋರುಬೆರಳನ್ನು ಶ್ವಾಸನಾಳದ ಮುಂಬದಿಗೆ ತಾಗಿಸಿಕೊಂಡೇ ಕೆಳಕ್ಕೆ ಜಾರಿಸಿ ದಾರಿ ಬಿಡಿಸುವುದು. ಆ ದಾರಿಯಲ್ಲಿ ದೀಪವಿರುವ ಕೊಳವೆ ಇಳಿಸಿ, ಗ್ರಂಥಿಯ ಚೂರು ಕಿತ್ತು ತರುವುದು. ಸುತ್ತ ಇರುವುದು ಮೈಯ ಅತಿ ದೊಡ್ಡ ರಕ್ತನಾಳಗಳು, ಆದ್ದರಿಂದ ಬೆರಳಿನ ಅಂದಾಜು ತಪ್ಪಬಾರದು. ಶ್ವಾಸನಾಳ ಕವಲೊಡೆಯುವ ತನಕ ಈ ಕೊಳವೆ ಹೋಗುತ್ತದೆ. ಮಹಾಪಧಮನಿಯ ಕಮಾನಿನ ಆಚೆ ಮಗ್ಗುಲಿಗೆ ಹೋಗದು.

ಇನ್ನೊಂದು ಕಡೆ ಕಾಗದದ ಕೆಲಸ ನಡೆದಿತ್ತು. ಫ್ರಾನ್ಸಿನ ಪಿಯೇರ್ ದೆನ್ವಾ 1940ರ ದಶಕದಿಂದ ಕ್ಯಾನ್ಸರನ್ನು ಮೂರು ಅಕ್ಷರದಲ್ಲಿ ಬರೆಯುವ ಪದ್ಧತಿ ಕಟ್ಟುತ್ತ ಬಂದಿದ್ದರು: ಗೆಡ್ಡೆಗೆ ಟಿ, ಗ್ರಂಥಿಗೆ ಎನ್, ದೂರಕ್ಕೆ ಹಬ್ಬಿದ್ದಕ್ಕೆ ಎಂ. ಅಮೆರಿಕದ ಕ್ಲಿಫ್ಟನ್ ಮೌಂಟನ್ 2,155 ರೋಗಿಗಳ ದಾಖಲೆ ಇಟ್ಟುಕೊಂಡು ಶ್ವಾಸಕೋಶಕ್ಕೆ ಅದನ್ನು ಹೊಂದಿಸಿದರು, 1970ರ ದಶಕದ ಮೊದಲಲ್ಲಿ ಹಂತಗಳು ನಿಂತವು. ನಮ್ಮ ಊರಿನಲ್ಲೂ ಈಗ "ಎಷ್ಟನೇ ಸ್ಟೇಜು?" ಎಂದು ಬಸ್‌ಸ್ಟ್ಯಾಂಡಿನಲ್ಲೇ ಕೇಳುತ್ತಾರಲ್ಲ, ಅದರ ಮೂಲ ಅಲ್ಲಿದೆ. ಆದರೆ ಎನ್ ಅಂದರೆ ಯಾವ ಗ್ರಂಥಿ? ಒಬ್ಬರು ಶ್ವಾಸಕೋಶದ ಬುಡದ್ದು ಅಂದದ್ದನ್ನು ಇನ್ನೊಬ್ಬರು ನಡುಜಾಗದ್ದು ಅನ್ನುತ್ತಿದ್ದರು. ಹದ್ದುಬಸ್ತು ಆಗದ ಜಮೀನಿಗೆ ಕಂದಾಯ ಕಟ್ಟಿದ ಹಾಗಿತ್ತು.

ಟೋಕಿಯೊದಲ್ಲಿ 1962ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರ ಶುರುವಾಯಿತು. ಅದೇ ವರ್ಷ ಜಪಾನಿನ ಜಠರ ಕ್ಯಾನ್ಸರಿನ ವೈದ್ಯರು ಹೊಟ್ಟೆಯ ಸುತ್ತಲಿನ ಗ್ರಂಥಿಗಳಿಗೆ ಸಾಲಾಗಿ ನಂಬರ್ ಕೊಟ್ಟು ನಿಯಮಾವಳಿಯನ್ನೂ ತಂದಿದ್ದರು. ಗ್ರಂಥಿಗೆ ನಂಬರ್ ಹಾಕುವ ಅಭ್ಯಾಸ ಅಲ್ಲಿನ ಶಸ್ತ್ರವೈದ್ಯರ ಕೈಗೆ ಆಗಲೇ ಹತ್ತಿತ್ತು. ಕ್ಯಾನ್ಸರ್ ಕೇಂದ್ರದ ಎದೆಯ ಶಸ್ತ್ರವೈದ್ಯ ತ್ಸುಗುವೊ ನಾರುಕೆ 1960ರ ದಶಕದಲ್ಲಿ ಎದೆಗೂಡಿಗೆ ಅಂಥದೇ ನಕಾಶೆ ಬರೆದರು. ಸರ್ವೆ ಮಾಡಿದ್ದು ಯಾರು ಎಂಬ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಹೇಳುವುದಾದರೆ ಇವರೇ.

ನಾರುಕೆಯ ನಕಾಶೆಯನ್ನು ಚಿಕ್ಕಪ್ಪನಿಗೆ ನಾನು ವಿವರಿಸಿದ್ದು ಹೀಗೆ. ಶ್ವಾಸನಾಳ ಮೇಲಿನಿಂದ ಬಂದ ಕಾಲುವೆ, ಎದೆಯ ನಡುವೆ ಎರಡಾಗಿ ಕವಲೊಡೆಯುತ್ತದೆ. ಕತ್ತಿನ ಬುಡದಿಂದ ಎಣಿಕೆ ಶುರು. ಒಂದು, ಎರಡು, ಮೂರು, ನಾಲ್ಕು ಕಾಲುವೆಯ ದಡದಲ್ಲೇ ಮೇಲಿಂದ ಕೆಳಕ್ಕೆ. ಐದು, ಆರು ಎಡಕ್ಕೆ, ಮಹಾಪಧಮನಿಯ ಕಮಾನಿನ ಹತ್ತಿರ. ಕಾರ್ಲೆನ್ಸರ ಕೊಳವೆಗೆ ಸಿಗದ ಮೂಲೆ ಇದೇ. ಏಳು ಸರಿಯಾಗಿ ಕವಲಿನ ಕೆಳಗೆ. ಎಂಟು ಅನ್ನನಾಳದ ಮಗ್ಗುಲು, ಒಂಬತ್ತು ಇನ್ನೂ ಕೆಳಗೆ. ಇಲ್ಲಿಗೆ ನಡುಜಾಗ ಮುಗಿಯಿತು. ಹತ್ತು ಶ್ವಾಸಕೋಶದ ಹೊಸ್ತಿಲು. ಹನ್ನೊಂದರಿಂದ ಹದಿನಾಲ್ಕು ಮನೆಯೊಳಗಿನ ಕೋಣೆಗಳು, ಒಂದಕ್ಕಿಂತ ಒಂದು ಒಳಗೆ. ಆರ್ ಅಂದರೆ ಬಲ, ಎಲ್ ಅಂದರೆ ಎಡ.

"ಮೂರಕ್ಕೆ ಎ, ಪಿ ಅಂತ ಬೇರೆ ಮಾಡಿದಾರಲ್ಲ?"

"ದೊಡ್ಡ ರಕ್ತನಾಳಗಳ ಮುಂದಿರೋದು ಎ, ಶ್ವಾಸನಾಳದ ಹಿಂದಿರೋದು ಪಿ."

"ಹಿಸ್ಸಾ" ಎಂದು ತಲೆಯಾಡಿಸಿದರು ಚಿಕ್ಕಪ್ಪ. ಪೋಡಿ ಆದ ಜಮೀನಿನ ಸುದ್ದಿ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ನಕಾಶೆ ಬರೆದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಶ್ವಾಸಕೋಶ ತೆಗೆದಾಗ ಜೊತೆಗೆ ಬಿಡಿಸಿದ ಗ್ರಂಥಿಗಳನ್ನೆಲ್ಲ ಒಂದೇ ಪಾತ್ರೆಗೆ ಹಾಕಿದರೆ ಯಾವುದು ಎಲ್ಲಿಯದು ಎನ್ನುವುದು ಅಲ್ಲಿಗೇ ಅಳಿಸಿಹೋಗುತ್ತದೆ. ನಂಬರಿನ ಪ್ರಕಾರ ಬೇರೆಬೇರೆ ಇಡಬೇಕು, ಒಂದೊಂದನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಆ ರೋಗಿ ಎಷ್ಟು ವರ್ಷ ಬದುಕಿದ ಎಂದು ಕಾದು ಬರೆದಿಡಬೇಕು. ಬೇಸರ ಬರಿಸುವ ಕೆಲಸ. 1978ರಲ್ಲಿ ನಾರುಕೆ, ಸುಎಮಾಸು, ಇಶಿಕಾವಾ ಮೂವರೂ ಇದರ ಫಲವನ್ನು ಅಮೆರಿಕದ ಎದೆ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾವ ನಂಬರಿನಲ್ಲಿ ರೋಗವಿದ್ದರೆ ಬದುಕು ಎಷ್ಟು ಎಂಬುದು ಮೊದಲ ಸಲ ಕಣ್ಣಿಗೆ ಕಾಣುವ ಹಾಗಾಯಿತು. ಜಪಾನಿ ಬಾರದವರೂ ಏಳು, ಹತ್ತು ಓದಬಲ್ಲರು. ನಕಾಶೆ ಲೋಕವೆಲ್ಲ ಸುತ್ತಿತು.

ಸುತ್ತಿದ ಮೇಲೆ ಗಡಿ ತಕರಾರು ಶುರು. ಅಮೆರಿಕದ ಎದೆರೋಗ ತಜ್ಞರ ಸಂಘ 1983ರಲ್ಲಿ ತನ್ನದೊಂದು ನಕಾಶೆ ತಂದಿತು. 1997ರಲ್ಲಿ ಮೌಂಟನ್ ಮತ್ತು ಕ್ಯಾರೊಲಿನ್ ಡ್ರೆಸ್ಲರ್ ಎರಡನ್ನೂ ಕೂಡಿಸಲು ನೋಡಿದರು. ಅಮೆರಿಕ, ಯೂರೋಪುಗಳು ಒಪ್ಪಿದವು, ಜಪಾನಿನವರು ನಾರುಕೆಯನ್ನು ಬಿಡಲಿಲ್ಲ. ವ್ಯತ್ಯಾಸ ಮೇಲ್ನೋಟಕ್ಕೆ ಚಿಕ್ಕದು. ಕವಲಿನ ಕೆಳಗೆ, ಮುಖ್ಯ ಶ್ವಾಸನಾಳದ ಕೆಳದಂಡೆಗೆ ಅಂಟಿಕೊಂಡಿರುವ ಗ್ರಂಥಿ ಜಪಾನಿನ ನಕಾಶೆಯಲ್ಲಿ ಹತ್ತು, ಅಮೆರಿಕದ್ದರಲ್ಲಿ ಏಳು. ಹತ್ತಾದರೆ ಶ್ವಾಸಕೋಶದ ಒಳಗಿನದು, ಎನ್1, ಸಾಮಾನ್ಯವಾಗಿ ಎರಡನೇ ಹಂತ, ಶಸ್ತ್ರಚಿಕಿತ್ಸೆಗೆ ದಾರಿಯಿದೆ. ಏಳಾದರೆ ನಡುಜಾಗದ್ದು, ಎನ್2, ಆಗಿನ ಲೆಕ್ಕದಲ್ಲಿ ಮೂರನೇ ಹಂತ, ಚಿಕಿತ್ಸೆಯ ಲೆಕ್ಕವೇ ಬೇರೆ. ಅದೇ ಗಂಟು, ಅದೇ ಮನುಷ್ಯ. ಟೋಕಿಯೊದಲ್ಲಿ ಒಂದು ಹಂತ, ನ್ಯೂಯಾರ್ಕಿನಲ್ಲಿ ಇನ್ನೊಂದು.

ನಮ್ಮ ಕಡೆಯವರಿಗೆ ಒಂದೇ ಜಾಗಕ್ಕೆ ಎರಡು ಹೆಸರಿರುವುದು ಹೊಸದಲ್ಲ. ಭದ್ರಾವತಿ ಮೊದಲು ಬೆಂಕಿಪುರ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಹಾದಿಯ ಅರಸಾಳು ಸ್ಟೇಷನ್ನು ಶಂಕರ್ ನಾಗ್ ಕ್ಯಾಮೆರಾ ಇಟ್ಟ ಮೇಲೆ ಮಾಲ್ಗುಡಿಯೂ ಆಯಿತು. ಅರಸಾಳಿಗೆ ಟಿಕೆಟ್ ಕೊಂಡವರು ಮಾಲ್ಗುಡಿಯಲ್ಲಿ ಇಳಿದರೆ ಯಾರಿಗೂ ನಷ್ಟವಿಲ್ಲ. ಆಸ್ಪತ್ರೆಯಲ್ಲಿ ಹಾಗಾಗುವುದಿಲ್ಲ. ಜಪಾನಿನ ಎರಡನೇ ಹಂತದವರನ್ನೂ ಅಮೆರಿಕದ ಎರಡನೇ ಹಂತದವರನ್ನೂ ಪಕ್ಕಪಕ್ಕ ನಿಲ್ಲಿಸಿ ಯಾರ ಚಿಕಿತ್ಸೆ ಮೇಲು ಎಂದು ಕೇಳಿದರೆ, ಅಳತೆಗೋಲೇ ಬೇರೆಯಾದ್ದರಿಂದ ಉತ್ತರಕ್ಕೆ ಬೆಲೆಯಿಲ್ಲ.

ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. ಕ್ಯಾನ್ಸರಿನ ಔಷಧಗಳಿಗೆ ಸಿಗುವ ಸುದ್ದಿಯಲ್ಲಿ ನೂರರಲ್ಲೊಂದು ಪಾಲೂ ಈ ನಕಾಶೆಯ ಜಗಳಕ್ಕೆ ಸಿಗಲಿಲ್ಲ ಎನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಕೊನೆಗೆ ಶ್ವಾಸಕೋಶ ಕ್ಯಾನ್ಸರಿನ ಅಂತರರಾಷ್ಟ್ರೀಯ ಸಂಘ ಹಲವು ದೇಶಗಳಿಂದ 1 ಲಕ್ಷದಷ್ಟು ರೋಗಿಗಳ ದಾಖಲೆ ಕೂಡಿಹಾಕಿ, ಎರಡೂ ಕಡೆಯವರನ್ನು ಕೂರಿಸಿಕೊಂಡಿತು. 2009ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯೆ ವ್ಯಾಲೆರಿ ರಷ್ ಮತ್ತು ಜೊತೆಯವರು ಒಂದೇ ನಕಾಶೆ ಹೊರತಂದರು. ನಾರುಕೆ ಕೊಟ್ಟದ್ದು ಸರ್ವೆ ನಂಬರು. ಈ ಸಮಿತಿ ಬರೆದದ್ದು ಚಕ್ಕುಬಂದಿ. ಪ್ರತಿ ನಂಬರಿಗೂ ಮೇಲಿನ ಎಲ್ಲೆ ಯಾವುದು, ಕೆಳಗಿನ ಎಲ್ಲೆ ಯಾವುದು ಎಂದು ಸ್ಕ್ಯಾನಿನಲ್ಲಿ ಬೆರಳಿಟ್ಟು ತೋರಿಸಬಲ್ಲ ಗುರುತು ಹಿಡಿದು ಬರೆದರು. ಕವಲಿನ ಕೆಳಗಿನ ಜಾಗವೆಲ್ಲ ಏಳಕ್ಕೆ ಸೇರಿತು.

ಅದರಲ್ಲಿ ಒಂದು ಎಲ್ಲೆ ಚಿಕ್ಕಪ್ಪನಿಗೆ ಬಹಳ ಹಿಡಿಸಿತು. ಎರಡು ಮತ್ತು ನಾಲ್ಕರಲ್ಲಿ ಎಡ ಯಾವುದು, ಬಲ ಯಾವುದು? ಯಾರಾದರೂ ಶ್ವಾಸನಾಳದ ನಟ್ಟನಡುವೆ ಗೆರೆ ಎಳೆಯುತ್ತಾರೆ. ಸಮಿತಿ ಗೆರೆಯನ್ನು ಶ್ವಾಸನಾಳದ ಎಡ ಅಂಚಿಗೆ ಒಯ್ದಿತು. ಅಲ್ಲಿನ ರಸದ ಹರಿವು ಹೆಚ್ಚಾಗಿ ಬಲಕ್ಕೆ ಬಾಗಿರುವುದರಿಂದ, ಮುಂಭಾಗದ ಗ್ರಂಥಿಗಳೆಲ್ಲ ಬಲದ ಲೆಕ್ಕಕ್ಕೇ ಹೋದವು. "ಹಳ್ಳದ ನೀರು ಎತ್ಲಾಗೆ ಹೋಗುತ್ತೋ ಗಡಿ ಅತ್ಲಾಗೆ ಹಾಕ್ಬೇಕು. ಆಫೀಸಲ್ಲಿ ಕೂತು ಸ್ಕೇಲಿಟ್ಟು ಎಳೆದ್ರೆ ಆಗಲ್ಲ" ಎಂದರು.

ಈ ಎಲ್ಲೆಗಳ ತೂಕ ಎಷ್ಟು ಎನ್ನುವುದಕ್ಕೆ ಅದೇ ಸಂಘ 2015ರಲ್ಲಿ ಕೊಟ್ಟ ಲೆಕ್ಕ ನೋಡಿ. ಗ್ರಂಥಿಗಳಲ್ಲಿ ಏನೂ ಇಲ್ಲವೆಂದು ಪರೀಕ್ಷೆಯಲ್ಲಿ ಕಂಡವರಲ್ಲಿ ಐದು ವರ್ಷ ಬದುಕಿದವರು ಶೇ. 60. ಎನ್1 ಆದವರಲ್ಲಿ 37, ಎನ್2ರಲ್ಲಿ 23, ಎದುರು ಬದಿಗೋ ಕತ್ತಿನ ಬುಡಕ್ಕೋ ಹೋದ ಎನ್3ರಲ್ಲಿ 9. 2025ರಿಂದ ಜಾರಿಗೆ ಬಂದ, ಟಿ-ಎನ್-ಎಂ ಪದ್ಧತಿಯ ಒಂಬತ್ತನೇ ಆವೃತ್ತಿಯಲ್ಲಿ ಎನ್2ವನ್ನೂ ಪೋಡಿ ಮಾಡಿದ್ದಾರೆ: ನಡುಜಾಗದ ಒಂದೇ ನಂಬರಿನಲ್ಲಿ ರೋಗವಿದ್ದರೆ ಎ, ಹಲವು ನಂಬರುಗಳಲ್ಲಿದ್ದರೆ ಬಿ.

ನಕಾಶೆ ಸರಿಯಾಯಿತು. ಆ ಜಾಗಕ್ಕೆ ಹೋಗುವ ದಾರಿ ಸುಲಭವಾದದ್ದು ಇನ್ನೊಂದು ಕತೆ, ಅದರ ಒಂದು ತುದಿಯೂ ನಾರುಕೆಯಿದ್ದ ಆಸ್ಪತ್ರೆಯಲ್ಲೇ ಇದೆ. ಅಲ್ಲಿನ ಶಿಗೆಟೊ ಇಕೆಡಾ 1966ರಲ್ಲಿ ಬಳುಕುವ ಬ್ರಾಂಕೋಸ್ಕೋಪನ್ನು ಜಗತ್ತಿಗೆ ತೋರಿಸಿದರು. ಅದಕ್ಕೂ ಮೊದಲು, 1949ರಲ್ಲೇ ಅರ್ಜೆಂಟೀನಾದ ಸ್ಕಿಯೆಪಾಟಿ ಗಟ್ಟಿ ಕೊಳವೆಯ ಮೂಲಕ ಶ್ವಾಸನಾಳದ ಗೋಡೆಗೆ ಸೂಜಿ ಚುಚ್ಚಿ ಆಚೆಯ ಗ್ರಂಥಿಯ ರಸ ಎಳೆದಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೊ-ಪೆನ್ ವಾಂಗ್ 1980ರ ದಶಕದ ಆರಂಭದಲ್ಲಿ ಬಳುಕುವ ಕೊಳವೆಗೆ ಬಳುಕುವ ಸೂಜಿ ಹೊಂದಿಸಿದರು. ಆದರೂ ಗೋಡೆಯಾಚೆ ಇರುವುದು ಕಣ್ಣಿಗೆ ಕಾಣದು, ನಕಾಶೆ ನೆನಪಿಟ್ಟುಕೊಂಡು ಅಂದಾಜಿನ ಮೇಲೆ ಚುಚ್ಚಬೇಕು. ಆ ಕತ್ತಲೆ ಕಳೆದದ್ದು ಕೊಳವೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಕೂರಿಸಿದ ಮೇಲೆ. ಟೋಕಿಯೊ ಪಕ್ಕದ ಚಿಬಾ ವಿಶ್ವವಿದ್ಯಾಲಯದ ಕಜುಹಿರೊ ಯಾಸುಫುಕು ಮತ್ತು ಸಂಗಡಿಗರು ಇದರಿಂದ 70 ರೋಗಿಗಳ ಗ್ರಂಥಿ ಪರೀಕ್ಷಿಸಿದ ವರದಿಯನ್ನು 2004ರಲ್ಲಿ ಕೊಟ್ಟರು. ಗ್ರಂಥಿ ಪರದೆಯ ಮೇಲೆ ಕಾಣುತ್ತಿರುವಾಗಲೇ ಸೂಜಿ ಅದರೊಳಗೆ ಹೋಗುವುದೂ ಕಾಣುತ್ತದೆ. ಕತ್ತು ಕೊಯ್ಯುವುದಿಲ್ಲ, ಎಷ್ಟೋ ಜನ ಸಂಜೆಗೆ ಮನೆಗೆ ಹೋಗುತ್ತಾರೆ.

ನಮ್ಮ ದೇಶದಲ್ಲಂತೂ ಸೂಜಿ ಬಿಟ್ಟು ಸ್ಕ್ಯಾನ್ ಒಂದನ್ನೇ ನಂಬುವ ಹಾಗಿಲ್ಲ. ಪೆಟ್ ಸ್ಕ್ಯಾನಿನಲ್ಲಿ ಸಕ್ಕರೆಯಂಥ ಪದಾರ್ಥವೊಂದನ್ನು ರಕ್ತಕ್ಕೆ ಬಿಟ್ಟು ಯಾವ ಜಾಗ ಅದನ್ನು ಹೆಚ್ಚು ಎಳೆದುಕೊಳ್ಳುತ್ತದೆ ಎಂದು ನೋಡುತ್ತಾರೆ. ಕ್ಯಾನ್ಸರ್ ಹೊಳೆಯುತ್ತದೆ, ನಿಜ. ಕ್ಷಯವೂ ಹೊಳೆಯುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಪಾಲು ಇರುವ ದೇಶ ನಮ್ಮದು. ಮಸಿ ತುಂಬಿ ಉಬ್ಬಿದ ಗ್ರಂಥಿಯೂ ಕೆಲವೊಮ್ಮೆ ಮಿನುಗುತ್ತದೆ. ಹೊಳೆದದ್ದೆಲ್ಲ ಕ್ಯಾನ್ಸರ್ ಎಂದುಕೊಂಡರೆ ಎರಡನೇ ಹಂತದ ಮನುಷ್ಯ ಕಾಗದದ ಮೇಲೆ ಮೂರನೆಯದಕ್ಕೆ ಹೋಗಿ ಕೂರುತ್ತಾನೆ.

ಚಿಕ್ಕಪ್ಪನ ರಿಪೋರ್ಟಿನಲ್ಲಿ ಹೊಳೆದದ್ದು ಮೂರು ಕಡೆ: ನಾಲ್ಕು ಆರ್, ಏಳು, ಹನ್ನೊಂದು ಆರ್. ಬೆಂಗಳೂರಿನಲ್ಲಿ ಸೂಜಿ ಹಾಕಿದ ವೈದ್ಯರು ಹೊಳೆಯದ ಎಡಬದಿಯ ನಾಲ್ಕರಿಂದ ಶುರುಮಾಡಿ, ನಡುಜಾಗದ ಏಳು, ಬಲದ ನಾಲ್ಕು ಮುಗಿಸಿ, ಕೊನೆಗೆ ಗೆಡ್ಡೆಯ ಪಕ್ಕದ ಹನ್ನೊಂದಕ್ಕೆ ಬಂದರಂತೆ. ದೂರದಿಂದ ಹತ್ತಿರಕ್ಕೆ ಬರುವುದೇ ಕ್ರಮ. ಕ್ರಮ ತಿರುವುಮುರುವಾದರೆ ಹತ್ತಿರದ ಗ್ರಂಥಿಯ ಕ್ಯಾನ್ಸರ್ ಕಣ ಸೂಜಿಗೆ ಅಂಟಿಕೊಂಡು ದೂರದ ಸ್ಯಾಂಪಲ್ಲಿಗೂ ಬಂದು, ಇಲ್ಲದ ರೋಗ ಇದೆಯೆಂದು ತೋರಬಹುದು.

ವಾರದ ಮೇಲೆ ಉತ್ತರ ಬಂತು. ಎಡದ ನಾಲ್ಕರಲ್ಲಿ ಏನಿಲ್ಲ. ಬಲದ ನಾಲ್ಕರಲ್ಲಿ ಬರೀ ಮಸಿ. ಏಳರಲ್ಲಿ ಕ್ಷಯವಿದ್ದಾಗ ಕಾಣುವಂಥ ಹರಳುಗಂಟು, ಕ್ಯಾನ್ಸರ್ ಇಲ್ಲ. ಕ್ಷಯ ಹೌದೋ ಅಲ್ಲವೋ ನೋಡಲು ಇನ್ನೊಂದು ಪರೀಕ್ಷೆಗೆ ಕಳಿಸಿದ್ದಾರೆ. ಹನ್ನೊಂದರಲ್ಲಿ ಕ್ಯಾನ್ಸರ್ ಇದೆ. ಎನ್1.

ಫೋನಿನಲ್ಲಿ ಹೇಳಿದೆ. ಆ ಕಡೆ ಪೆನ್ಸಿಲ್ಲಿನ ಸದ್ದು ಕೇಳುತ್ತಿತ್ತು. ಭಾನುವಾರ ಹೋದಾಗ ಹಳೆಯ ಸ್ಕ್ಯಾನ್ ಕವರಿನ ಬೆನ್ನ ಮೇಲೆ ಟಿಪ್ಪಣಿ ತಯಾರಾಗಿತ್ತು: ಕಾಲುವೆ, ಕವಲು, ಕವಲಿನಲ್ಲಿ ಬಾಂದುಕಲ್ಲಿನ ಗುರುತು, ಒಂದರಿಂದ ಹದಿನಾಲ್ಕು. ಹನ್ನೊಂದರ ಸುತ್ತ ಮಾತ್ರ ಕೆಂಪು ಗೆರೆ. ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಬಂದ ಶಸ್ತ್ರವೈದ್ಯರ ಕೈಗೆ ಅದನ್ನು ಕೊಟ್ಟರು.

"ಸಾರ್, ತೆಗೆದಿದ್ನೆಲ್ಲ ಒಂದೇ ಡಬ್ಬಿಗೆ ಹಾಕ್ಬೇಡಿ. ನಂಬರ್ ಹಾಕಿ ಬೇರೆ ಬೇರೆ ಇಡಿ."

"ಹಾಗೇ ಇಡೋದು ಯಜಮಾನ್ರೇ" ಎಂದು ಅವರು ನಕ್ಕು, ನಕಾಶೆಯನ್ನು ತಿರುಗಿಸಿ ನೋಡಿ, ಒಂಬತ್ತನ್ನು ಬೆರಳಿನಿಂದ ಇನ್ನಷ್ಟು ಕೆಳಗೆ ತೋರಿಸಿದರು. ಚಿಕ್ಕಪ್ಪ ದಿಂಬಿನಡಿಯಿಂದ ಪೆನ್ಸಿಲ್ ತೆಗೆದು ತಿದ್ದಿಕೊಂಡರು.